ಕನ್ನಡ ಮಾಧ್ಯಮದ ಹತ್ತನೇ ತರಗತಿಯಿಂದ ಪಿಯು ಸೈನ್ಸ್‌ಗೆ: ಹೈಸ್ಕೂಲು ಕೊಟ್ಟಿದ್ದೇನು, ಬಿಟ್ಟಿದ್ದೇನು?

ಹಳೇ ವಿದ್ಯಾರ್ಥಿ (ಪ್ರಶ್ನೆ)

ನಮಸ್ಕಾರ. ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಸಲ ಎಸ್ಸೆಸ್ಸೆಲ್ಸಿ ಬರೆದು ಪಿಯು ಸೈನ್ಸ್ ಸೇರಬೇಕೆಂದಿರುವ ಮಕ್ಕಳಿಗೆ ರಜೆಯಲ್ಲಿ ಆರು ವಾರ ಪಾಠ ಮಾಡಲು ನಾವು ಕೆಲವು ಪದವೀಧರರು ಹೊರಟಿದ್ದೇವೆ. ವಾರಕ್ಕೆ ಐದು ದಿನ, ಬೆಳಿಗ್ಗೆ ಎರಡೆರಡು ಗಂಟೆ, ಒಟ್ಟು 60 ಗಂಟೆ ಸಿಗುತ್ತದೆ. ಮಕ್ಕಳೆಲ್ಲ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಕಾಲೇಜು ಶುರುವಾದ ಮೊದಲ ದಿನದಿಂದಲೇ ಪಾಠ, ಪುಸ್ತಕ, ನೋಟ್ಸ್ ಎಲ್ಲವೂ ಇಂಗ್ಲಿಷ್.

ಪದವಿ ಮುಗಿದ ಮೇಲೆ ಹಿಂತಿರುಗಿ ನೋಡುವವರು ಹೈಸ್ಕೂಲಿನ ಬಗ್ಗೆ ಎರಡು ಮಾತು ಹೇಳುತ್ತಾರೆ. ‘ಬುನಾದಿಯೆಲ್ಲ ಅಲ್ಲೇ ಬಿದ್ದದ್ದು’ ಅನ್ನುವವರು ಒಂದು ಕಡೆ, ‘ಇಂಗ್ಲಿಷ್ ಹಿಡಿತಕ್ಕೆ ಬರುವಷ್ಟರಲ್ಲಿ ಫಸ್ಟ್ ಪಿಯು ಮುಗಿದೇ ಹೋಗಿತ್ತು’ ಅನ್ನುವವರು ಇನ್ನೊಂದು ಕಡೆ. ಎರಡೂ ನಿಜವೇ. ಆದರೆ ಅಷ್ಟನ್ನೇ ಇಟ್ಟುಕೊಂಡು ಟೈಂಟೇಬಲ್ ಹಾಕಲು ಆಗುವುದಿಲ್ಲ. ನಮಗೆ ಬೇಕಾಗಿರುವುದು ಅದಕ್ಕಿಂತ ಖಚಿತವಾದ ಮಾಹಿತಿ. ಹೈಸ್ಕೂಲಿನಲ್ಲಿ ಗಟ್ಟಿಯಾಗಿ ಸಿಕ್ಕಿರುವ ಯಾವುದನ್ನು ಮತ್ತೆ ಹೇಳಿಕೊಡುವ ಅಗತ್ಯವಿಲ್ಲ? ಯಾವ ಪಾಠಗಳಲ್ಲಿ ಸೇತುವೆಯೇ ಇಲ್ಲ? ಗಣಿತಕ್ಕೆ ಎಷ್ಟು ಗಂಟೆ ಕೊಡಬೇಕು? ಲ್ಯಾಬ್ ಬಗ್ಗೆ ಏನಾದರೂ ಮಾಡಬಹುದೇ? ಕೋಚಿಂಗ್ ಕೊಡುವ ಉದ್ದೇಶ ನಮ್ಮದಲ್ಲ. ಮೊದಲ ಎರಡು ತಿಂಗಳಲ್ಲಿ ಮಕ್ಕಳು ಹೆದರಿ ಆರ್ಟ್ಸ್‌ಗೆ ಬದಲಾಯಿಸಿಕೊಳ್ಳದೆ, ತಾವಾಗಿ ಇಷ್ಟಪಟ್ಟು ಆರಿಸಿಕೊಂಡದ್ದನ್ನು ಓದುವಂತಾದರೆ ಸಾಕು.

ಪಿಯು ಭೌತಶಾಸ್ತ್ರ ಲೆಕ್ಚರರ್

ಒಳ್ಳೆಯ ಕೆಲಸ. ಮೊದಲು ಪುಸ್ತಕದ ವಿಷಯ ಹೇಳುತ್ತೇನೆ, ಹೆಚ್ಚಿನವರು ಎಡವುವುದೇ ಅಲ್ಲಿ. ವಿಜ್ಞಾನಕ್ಕೆ ಹತ್ತನೇ ತರಗತಿಯ ಪುಸ್ತಕ ಬದಿಗಿಟ್ಟು ಒಂಬತ್ತನೆಯದನ್ನು ತೆಗೆಯಿರಿ.

ಕಾರಣ ಸರಳ. ಹತ್ತನೆಯ ಭೌತಶಾಸ್ತ್ರದಲ್ಲಿ ಇರುವುದು ಬೆಳಕು, ಕಣ್ಣು, ವಿದ್ಯುಚ್ಛಕ್ತಿ, ವಿದ್ಯುತ್ತಿನ ಕಾಂತೀಯ ಪರಿಣಾಮ. ಇವು ತಿರುಗಿ ಬರುವುದು ಸೆಕೆಂಡ್ ಪಿಯುನಲ್ಲಿ. ಫಸ್ಟ್ ಪಿಯು ಪೂರ್ತಿ ಚಲನೆ, ಬಲ, ಕೆಲಸ-ಶಕ್ತಿ, ಗುರುತ್ವ, ಉಷ್ಣ, ಅಲೆಗಳು. ಇವುಗಳಲ್ಲಿ ಬಹುಪಾಲಿನ ಬೇರು ಒಂಬತ್ತನೇ ತರಗತಿಯಲ್ಲಿದೆ. ಬೋರ್ಡ್ ಪರೀಕ್ಷೆಯ ವರ್ಷ ಅಲ್ಲವೆಂದು ಮಕ್ಕಳೂ ಶಾಲೆಗಳೂ ಹಗುರವಾಗಿ ತೆಗೆದುಕೊಳ್ಳುವುದು ಆ ವರ್ಷವನ್ನೇ. ಹೀಗಾಗಿ ಹತ್ತರಲ್ಲಿ ವಿಜ್ಞಾನಕ್ಕೆ 80ಕ್ಕೆ 75 ತೆಗೆದ ಹುಡುಗಿಗೂ ಜೂನ್‌ನಲ್ಲಿ ‘ಇದ್ಯಾವುದನ್ನೂ ನಾನು ಓದಿಯೇ ಇಲ್ಲ’ ಅನಿಸುತ್ತದೆ. ಅವಳು ಓದಿದ್ದಾಳೆ. ಆದರೆ ನಡುವೆ ಒಂದು ವರ್ಷ ಕಳೆದಿದೆ, ಓದಿದ ಭಾಷೆಯೂ ಬೇರೆ.

ಎರಡನೇ ತೊಡಕು ಪಠ್ಯಕ್ರಮದ ಒಳಗೇ ಇದೆ, ಅದಕ್ಕೆ ಹೈಸ್ಕೂಲನ್ನು ದೂರುವಂತಿಲ್ಲ. ಸರಳರೇಖೆಯ ಚಲನೆ ನಮ್ಮ ಪುಸ್ತಕದ ಆರಂಭದಲ್ಲೇ ಬರುತ್ತದೆ, ಅದಕ್ಕೆ ಡಿಫರೆನ್ಸಿಯೇಷನ್ (ಬದಲಾವಣೆಯ ದರ ಕಂಡುಹಿಡಿಯುವ ಗಣಿತ) ಬೇಕು. ಗಣಿತದಲ್ಲಿ ‘ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್’ ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ವೆಕ್ಟರ್ (ಪ್ರಮಾಣದ ಜೊತೆ ದಿಕ್ಕೂ ಇರುವ ರಾಶಿ) ಕಥೆಯೂ ಅದೇ. ಸಮತಲದ ಚಲನೆಗೆ ಮಳೆಗಾಲದಲ್ಲೇ ಬೇಕು, ಗಣಿತದವರು ಅದನ್ನು ಮಾಡುವುದು ಸೆಕೆಂಡ್ ಪಿಯುನಲ್ಲಿ. ಈ ಖಾಲಿ ಜಾಗವನ್ನು ನಿಮ್ಮ ಆರು ವಾರಗಳಲ್ಲಿ ತುಂಬಬಹುದು.

ಡಿಫರೆನ್ಸಿಯೇಷನ್ ಹೇಳಿಕೊಡಲು ಲಿಮಿಟ್‌ನ ವ್ಯಾಖ್ಯಾನದಿಂದ ಶುರು ಮಾಡಬೇಡಿ. ಒಂಬತ್ತರಲ್ಲಿ ದೂರ-ಕಾಲ ಗ್ರಾಫಿನ ಇಳಿಜಾರೇ ಜವ ಎಂದು ಕಲಿತಿದ್ದಾರೆ. ಅಲ್ಲಿಂದ ಹಿಡಿಯಿರಿ. ದೂರ = 5ಟಿ² + 2ಟಿ ಮೀಟರ್ ಎಂದು ಕೊಟ್ಟು, 3ನೇ ಸೆಕೆಂಡಿನಲ್ಲಿ ವೇಗ ಎಷ್ಟು ಎಂದು ಕೇಳಿ. ಟಿ = 3 ಆದಾಗ ದೂರ 51. ಟಿ = 3.1 ಆದಾಗ 54.25. ವ್ಯತ್ಯಾಸ 3.25, ಅದನ್ನು 0.1ರಿಂದ ಭಾಗಿಸಿದರೆ 32.5. ಈಗ ಟಿ = 3.01 ತೆಗೆದುಕೊಳ್ಳಿ. ದೂರ 51.3205, ವ್ಯತ್ಯಾಸವನ್ನು 0.01ರಿಂದ ಭಾಗಿಸಿದರೆ 32.05. 3.001 ಹಾಕಿದರೆ 32.005. ಉತ್ತರ 32ರ ಕಡೆ ಸರಿಯುತ್ತಿದೆ ಎಂದು ಮಕ್ಕಳೇ ಹೇಳುತ್ತಾರೆ. ಆಮೇಲೆ ಸೂತ್ರ ಕೊಡಿ: ಘಾತವನ್ನು ಮುಂದೆ ತಂದು ಗುಣಿಸಿ, ಘಾತದಲ್ಲಿ ಒಂದು ಕಳೆಯಿರಿ. 10ಟಿ + 2, ಟಿ = 3 ಹಾಕಿದರೆ 32. ಇಷ್ಟಕ್ಕೆ ಒಂದು ಗಂಟೆ. ಇನ್ನೊಂದು ಗಂಟೆಯಲ್ಲಿ ವೇಗ-ಕಾಲ ಗ್ರಾಫಿನ ಕೆಳಗಿನ ವಿಸ್ತೀರ್ಣವೇ ದೂರ ಎಂಬುದನ್ನು ಚೌಕ ಎಣಿಸಿ ತೋರಿಸಿ. ಇಂಟಿಗ್ರೇಷನ್ ಎಂಬ ಹೆಸರನ್ನೇ ಎತ್ತುವುದು ಬೇಡ.

ವೆಕ್ಟರ್‌ಗೆ ಮೂರು ಗಂಟೆ ಇಡಿ. ಅದರಲ್ಲಿ ಎರಡು ಗಂಟೆ ಬಲವನ್ನು ಘಟಕಗಳಾಗಿ ಒಡೆಯುವುದಕ್ಕೇ ಹೋಗಲಿ. ಹತ್ತರ ತ್ರಿಕೋನಮಿತಿಯಲ್ಲಿ ಲಂಬಕೋನ ತ್ರಿಭುಜವನ್ನು ಪುಸ್ತಕವೇ ಬರೆದು ಕೊಡುತ್ತದೆ. ಪಿಯುನಲ್ಲಿ ತ್ರಿಭುಜವನ್ನು ಮಕ್ಕಳೇ ಹುಡುಕಬೇಕು. ತಪ್ಪಾಗುವುದು ಹೀಗೆ: ‘ಅಡ್ಡಕ್ಕೆ ಕಾಸ್, ಲಂಬಕ್ಕೆ ಸೈನ್’ ಎಂದು ಬಾಯಿಪಾಠ ಮಾಡುತ್ತಾರೆ. ಕೋನವನ್ನು ಲಂಬರೇಖೆಯಿಂದ ಅಳೆದು ಕೊಟ್ಟಾಗ ಅದು ತಿರುಗುಮುರುಗು. ಇಳಿಜಾರು ಹಲಗೆಯ ಲೆಕ್ಕದಲ್ಲಿ ಎಲ್ಲರೂ ಬೀಳುವುದು ಇಲ್ಲೇ. ‘ಕೋನದ ಪಕ್ಕದ ಬಾಹುವಿಗೆ ಕಾಸ್, ಎದುರಿನದಕ್ಕೆ ಸೈನ್’ ಎಂದೇ ಹೇಳಿಸಿ. ಒಂದು ಹಲಗೆಯನ್ನು ಇಟ್ಟಿಗೆಯ ಮೇಲೆ ಒರಗಿಸಿ, ಹಲಗೆ ಮಲಗಿದ್ದಾಗ ವಸ್ತು ಜಾರುವುದಿಲ್ಲ, ನಿಲ್ಲಿಸಿದಷ್ಟೂ ಜೋರಾಗಿ ಜಾರುತ್ತದೆ ಎಂದು ತೋರಿಸಿ. ಕೋನ ಸೊನ್ನೆಯಾದಾಗ ಯಾವುದು ಸೊನ್ನೆಯಾಗಬೇಕು, ಸೈನೋ ಕಾಸೋ ಎಂದು ಕೇಳಿ. ಈ ತಾಳೆ ನೋಡುವ ಅಭ್ಯಾಸ ಬಂದರೆ ಎರಡು ವರ್ಷವೂ ಉಪಯೋಗಕ್ಕೆ ಬರುತ್ತದೆ.

ಹೈಸ್ಕೂಲು ಚೆನ್ನಾಗಿ ಕೊಟ್ಟಿರುವುದೂ ಇದೆ. ಮಸೂರ ಮತ್ತು ದರ್ಪಣಗಳ ಚಿಹ್ನೆಯ ನಿಯಮ, ಓಮನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ, ಕಿರಣಚಿತ್ರ. ಇವು ಸೆಕೆಂಡ್ ಪಿಯುನಲ್ಲಿ ಹಾಗೆಯೇ ಮುಂದುವರಿಯುತ್ತವೆ. ಈಗ ಮುಟ್ಟಬೇಡಿ.

ಪ್ರೌಢಶಾಲಾ ಗಣಿತ ಶಿಕ್ಷಕಿ

ಲೆಕ್ಚರರ್ ಸರ್ ಹೇಳಿದ್ದು ವಿಜ್ಞಾನಕ್ಕೆ ಸರಿ, ಗಣಿತಕ್ಕೆ ಹತ್ತನೆಯ ಪುಸ್ತಕವೇ ಬೇಕು. ವರ್ಗಸಮೀಕರಣ, ಸಮಾಂತರ ಶ್ರೇಢಿ, ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿ, ಸಂಭವನೀಯತೆ ಎಲ್ಲವೂ ಫಸ್ಟ್ ಪಿಯುನಲ್ಲಿ ನೇರವಾಗಿ ಬೆಳೆಯುತ್ತವೆ. ಆದರೆ ಅಧ್ಯಾಯಗಳನ್ನು ಮತ್ತೆ ಪಾಠ ಮಾಡಬೇಡಿ. ಕೈ ಓಡುವಂತೆ ಮಾಡಿ.

ಪಿಯುಗೆ ಹೋದ ಮಕ್ಕಳ ಉತ್ತರಪತ್ರಿಕೆಯಲ್ಲಿ ಅಂಕ ಹೋಗುವುದು ಹೊಸ ವಿಷಯದಲ್ಲಿ ಅಲ್ಲ, ಎಂಟನೇ ತರಗತಿಯ ಬೀಜಗಣಿತದಲ್ಲಿ. ಪದೇಪದೇ ಕಾಣುವ ತಪ್ಪುಗಳು ಇವು. (ಎ + ಬಿ)² ಅನ್ನು ಎ² + ಬಿ² ಎಂದು ಬರೆಯುವುದು. ಆವರಣದ ಹಿಂದೆ ಋಣ ಚಿಹ್ನೆ ಇದ್ದಾಗ ಎರಡನೇ ಪದದ ಚಿಹ್ನೆ ಬದಲಿಸದಿರುವುದು. (ಎಕ್ಸ್ + 2)/2ರಲ್ಲಿ ಎರಡನ್ನು ಹೊಡೆದುಹಾಕಿ ಎಕ್ಸ್ ಅಂತ ಉಳಿಸುವುದು. ವರ್ಗಮೂಲದೊಳಗೆ 9 + 16 ಇದ್ದಾಗ 3 + 4 = 7 ಎಂದುಬಿಡುವುದು. ಸಮಾಂತರ ಜೋಡಣೆಯ ಲೆಕ್ಕದಲ್ಲಿ 1/6 + 1/3 = 1/2 ಎಂದು ಸರಿಯಾಗಿ ಕೂಡಿ, ಅದನ್ನು ತಿರುವಿ ಹಾಕದೆ ರೋಧ 1/2 ಓಮ್ ಎಂದು ಬರೆದು ಮುಗಿಸುವುದು. ಉತ್ತರ 2 ಓಮ್.

ಪ್ರತಿದಿನ ಮೊದಲ 20 ನಿಮಿಷ ಇದಕ್ಕೇ ಇಡಿ. ಹತ್ತು ಸಣ್ಣ ಲೆಕ್ಕ, ಒಂದೊಂದೂ ಎರಡು ಸಾಲಿನದು, ಪೆನ್ನಿನಲ್ಲೇ, ಕ್ಯಾಲ್ಕುಲೇಟರ್ ಇಲ್ಲದೆ. ಅದರಲ್ಲಿ ಮೂರು ಸೂತ್ರವನ್ನು ತಿರುಗಿಸಿ ಬರೆಯುವಂಥವು ಇರಲಿ. ಲೋಲಕದ ಸೂತ್ರದಲ್ಲಿ ಆವರ್ತಕಾಲ ಟಿ = 2ಪೈ × ವರ್ಗಮೂಲ (ಎಲ್/ಜಿ). ಇದರಿಂದ ಜಿ ಅನ್ನು ಒಂದು ಬದಿಗೆ ತನ್ನಿ ಎಂದರೆ ಮೊದಲು ಎರಡೂ ಬದಿ ವರ್ಗ ಮಾಡಬೇಕು, ಆಗ 2ಪೈ ಕೂಡ ವರ್ಗವಾಗಿ 4ಪೈ² ಆಗಬೇಕು. 2 ಅನ್ನು ಹಾಗೇ ಬಿಡುವವರೇ ಹೆಚ್ಚು. ಇಂಥದ್ದು ದಿನಕ್ಕೆ ಮೂರು ಮಾಡಿದರೆ ಆರು ವಾರಕ್ಕೆ 90 ಆಗುತ್ತದೆ, ಅಷ್ಟು ಸಾಕು.

ತ್ರಿಕೋನಮಿತಿಯಲ್ಲಿ 0, 30, 45, 60, 90ರ ಕೋಷ್ಟಕವನ್ನು ಬಾಯಿಪಾಠವಾಗಿ ಕೇಳಬೇಡಿ, ಕಟ್ಟಿ ತೋರಿಸಲು ಹೇಳಿ. ಬಾಹು 2 ಇರುವ ಸಮಬಾಹು ತ್ರಿಭುಜವನ್ನು ನಡುವೆ ಸೀಳಿದರೆ 30 ಮತ್ತು 60 ಬರುತ್ತವೆ, ಬಾಹು 1 ಇರುವ ಸಮದ್ವಿಬಾಹು ಲಂಬಕೋನ ತ್ರಿಭುಜದಿಂದ 45 ಬರುತ್ತದೆ. ನಂತರ ಏಕಮಾನ ವೃತ್ತ, ರೇಡಿಯನ್ (180° = ಪೈ ರೇಡಿಯನ್, ಇದೊಂದು ಸಾಲಿನಿಂದ ಉಳಿದದ್ದೆಲ್ಲ), ನಾಲ್ಕು ಚತುರ್ಥಕಗಳಲ್ಲಿ ಚಿಹ್ನೆ. 90ಕ್ಕಿಂತ ದೊಡ್ಡ ಕೋನಕ್ಕೂ ಸೈನ್ ಇರುತ್ತದೆ ಎಂಬುದೇ ಹೈಸ್ಕೂಲಿನಿಂದ ಬಂದವರಿಗೆ ಹೊಸದು. ಅಷ್ಟನ್ನು ಒಪ್ಪಿಕೊಂಡರೆ ಮುಂದಿನದು ಸಲೀಸು.

ಇನ್ನೊಂದು ಮಾತು, ಸ್ವಲ್ಪ ಕಹಿಯಾದರೂ ಹೇಳಲೇಬೇಕು. ‘ಪಾಸಿಂಗ್ ಪ್ಯಾಕೇಜ್’ ಓದಿಕೊಂಡು ಬಂದ ಮಕ್ಕಳಿರುತ್ತಾರೆ. ರೇಖಾತ್ಮಕ ಸಮೀಕರಣದ ಗ್ರಾಫ್, ಎರಡು ಪ್ರಮೇಯ, ಸರಾಸರಿ-ಬಹುಲಕ, ಹೀಗೆ ಆಯ್ದ ಭಾಗಗಳಲ್ಲಿ ಅವರ ಕೈ ಚೆನ್ನಾಗಿ ಓಡುತ್ತದೆ, ಉಳಿದ ಪಾಠಗಳನ್ನು ತೆರೆದೇ ಇರುವುದಿಲ್ಲ. ಫೇಲಾಗುವ ಅಂಚಿನಲ್ಲಿದ್ದ ಮಗುವಿಗೆ ಅದು ಆಸರೆಯಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೈನ್ಸ್ ತೆಗೆದುಕೊಳ್ಳುವ ಮಗುವಿಗೆ ಆ ದಾರಿ ಸಾಲದು. ಒಟ್ಟು ಅಂಕ ನೋಡಿ ಗುಂಪು ಮಾಡಬೇಡಿ, ಯಾವ ಅಧ್ಯಾಯ ಓದಿಲ್ಲ ಎಂದು ಕೇಳಿ ಪಟ್ಟಿ ಮಾಡಿಕೊಳ್ಳಿ.

ಹೈಸ್ಕೂಲಿನಿಂದ ತಪ್ಪದೆ ಹೊತ್ತುಕೊಂಡು ಹೋಗಬೇಕಾದದ್ದು ಪ್ರಮೇಯ ಬರೆಯುವ ಶಿಸ್ತು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆದು, ಪ್ರತಿ ಸಾಲಿನ ಪಕ್ಕ ಕಾರಣ ಹಾಕುವುದು ನಮ್ಮ ಮಕ್ಕಳಿಗೆ ರೂಢಿ. ಪಿಯು ಡೆರಿವೇಶನ್‌ನ (ಸೂತ್ರವನ್ನು ಹೆಜ್ಜೆಹೆಜ್ಜೆಯಾಗಿ ಸಾಧಿಸುವುದು) ಒಡಲೂ ಅದೇ: ಏನು ಕೊಟ್ಟಿದೆ, ಏನು ಸಾಧಿಸಬೇಕು, ಚಿತ್ರ, ಹೆಜ್ಜೆಗಳು. ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ತಮಗೆ ಆಗಲೇ ಬರುವ ಕೆಲಸವಿದು ಎಂದು ಗೊತ್ತಾದರೆ ಡೆರಿವೇಶನ್‌ನ ಅರ್ಧ ಹೆದರಿಕೆ ಹೋಗುತ್ತದೆ.

ರಸಾಯನಶಾಸ್ತ್ರ ಕಲಿಸುವವರು

ರಸಾಯನಶಾಸ್ತ್ರಕ್ಕೆ ಹತ್ತು ಗಂಟೆ ಕೊಟ್ಟರೆ ಅದರಲ್ಲಿ ಐದು ಗಂಟೆ ಮೋಲ್‌ಗೆ (ವಸ್ತುವಿನ ಪ್ರಮಾಣವನ್ನು ಕಣಗಳ ಎಣಿಕೆಯಲ್ಲಿ ಹೇಳುವ ಮಾನ). ಫಸ್ಟ್ ಪಿಯುನ ಮೊದಲ ಅಧ್ಯಾಯವೇ ಅದು. ಹೈಸ್ಕೂಲಿನಿಂದ ರಾಸಾಯನಿಕ ಸಮೀಕರಣ ಸರಿದೂಗಿಸುವುದು ಚೆನ್ನಾಗಿ ಬಂದಿರುತ್ತದೆ, ಆಮ್ಲ-ಪ್ರತ್ಯಾಮ್ಲ-ಲವಣ ಗೊತ್ತಿರುತ್ತದೆ. ಆದರೆ ಸರಿದೂಗಿಸಿದ ಸಮೀಕರಣದಿಂದ ‘ಎಷ್ಟು ಗ್ರಾಂ’ ಎಂದು ಲೆಕ್ಕ ಹಾಕುವ ಅಭ್ಯಾಸ ಇರುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ಅಣುರಾಶಿ: ನೀರು 18, ಸೋಡಿಯಂ ಹೈಡ್ರಾಕ್ಸೈಡ್ 40. ಆಮೇಲೆ ಗ್ರಾಂನಿಂದ ಮೋಲ್: 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಅಂದರೆ 0.1 ಮೋಲ್. ಆಮೇಲೆ ದ್ರಾವಣ: ಅದನ್ನು ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿದರೆ 0.1 ಮೋಲಾರ್. ಇಲ್ಲಿ ಮಕ್ಕಳು 1 ಲೀಟರ್ ನೀರಿಗೆ ಹಾಕುವುದು ಎಂದು ತಿಳಿಯುತ್ತಾರೆ, ಅದು ತಪ್ಪು. ಕರಗಿಸಿದ ಮೇಲೆ 1 ಲೀಟರ್ ಗೆರೆಯವರೆಗೆ ತುಂಬಿಸುವುದು. ಕೊನೆಗೆ ಪಿಯು ಲ್ಯಾಬಿನಲ್ಲಿ ನಿಜಕ್ಕೂ ಮಾಡುವ ಲೆಕ್ಕ: ಆಕ್ಸಾಲಿಕ್ ಆಮ್ಲದ ಹರಳಿನ ಅಣುರಾಶಿ 126, 250 ಮಿಲಿಲೀಟರ್ 0.1 ಮೋಲಾರ್ ದ್ರಾವಣಕ್ಕೆ ಎಷ್ಟು ತೂಗಬೇಕು? 126 × 0.1 × 0.25 = 3.15 ಗ್ರಾಂ. ಹರಳಿನಲ್ಲಿರುವ ಎರಡು ನೀರಿನ ಅಣುಗಳನ್ನು ಬಿಟ್ಟು 90 ಎಂದು ಹಿಡಿದರೆ ಉತ್ತರ ಕೆಡುತ್ತದೆ.

ಉಳಿದ ಐದರಲ್ಲಿ ಎರಡು ಗಂಟೆ ಲಾಗ್. ಇದು ಹತ್ತನೆಯ ಪುಸ್ತಕದಲ್ಲಿ ಇಲ್ಲ, ಪಿಯುನಲ್ಲಿ ‘ಬರುತ್ತದೆ’ ಎಂದು ಭಾವಿಸಿ ಮುಂದೆ ಹೋಗುತ್ತಾರೆ. ಪಿಎಚ್‌ಗೆ ಬೇಕು, ಸೆಕೆಂಡ್ ಪಿಯುನಲ್ಲಿ ನೆರ್ನ್‌ಸ್ಟ್ ಸಮೀಕರಣಕ್ಕೆ ಬೇಕು, ಕ್ರಿಯಾವೇಗದ ಲೆಕ್ಕಕ್ಕೆ ಬೇಕು. 10ರ ಘಾತ ಗೊತ್ತಿರುವ ಮಗುವಿಗೆ ಲಾಗ್ ಕಷ್ಟವಲ್ಲ: 1000 ಅಂದರೆ 10ರ ಘಾತ 3, ಆದ್ದರಿಂದ ಅದರ ಲಾಗ್ 3. ಗುಣಾಕಾರ ಕೂಡಿಕೆಯಾಗುತ್ತದೆ, ಭಾಗಾಕಾರ ಕಳೆಯುವುದಾಗುತ್ತದೆ. 2, 3, 7ರ ಲಾಗ್ ಬಾಯಿಗೆ ಬಂದರೆ (0.3010, 0.4771, 0.8451) ಬಹಳಷ್ಟು ನಡೆಯುತ್ತದೆ. 5ರದ್ದು 1ರಿಂದ 0.3010 ಕಳೆದರೆ ಸಿಗುತ್ತದೆ. ಹೈಡ್ರೋಜನ್ ಅಯಾನಿನ ಸಾರತೆ 2 × 10⁻³ ಇದ್ದರೆ ಪಿಎಚ್ = 3 − 0.3010, ಅಂದರೆ ಸುಮಾರು 2.7. ಬೋರ್ಡ್ ಪರೀಕ್ಷೆಯಲ್ಲಿ ಲಾಗ್ ಟೇಬಲ್ ನೋಡಬಹುದು. ಸಿಇಟಿಯಲ್ಲಿ (ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಅದೂ ಇಲ್ಲ, ಕ್ಯಾಲ್ಕುಲೇಟರೂ ಇಲ್ಲ. 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡ್.

ಲ್ಯಾಬ್ ಬಗ್ಗೆ ಕೇಳಿದ್ದೀರಿ. ಹೈಸ್ಕೂಲಿನಲ್ಲಿ ಪ್ರಯೋಗವನ್ನು ಮೇಷ್ಟ್ರು ಮಾಡಿ ತೋರಿಸುವುದೇ ಹೆಚ್ಚು, ಮಕ್ಕಳ ಕೈಗೆ ಉಪಕರಣ ಬರುವುದು ಕಡಿಮೆ. ಸೆಕೆಂಡ್ ಪಿಯುನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಒಂದೊಂದಕ್ಕೂ ಪ್ರಾಯೋಗಿಕಕ್ಕೆ 30 ಅಂಕ. ಹತ್ತಿರದ ಪಿಯು ಕಾಲೇಜಿನಿಂದ ದ್ರವ ಅಳೆಯುವ ಬ್ಯುರೆಟ್, ಪಿಪೆಟ್, ಉದ್ದ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್ ಒಂದೊಂದು ಎರವಲು ಸಿಕ್ಕರೂ ನಾಲ್ಕು ಗಂಟೆಯಲ್ಲಿ ಕೈ ಪಳಗಿಸಬಹುದು. ಆಮ್ಲ, ಕ್ಷಾರ ಯಾವುದೂ ಬೇಡ, ಬರೀ ನೀರಿನಲ್ಲೇ ಮಾಡಿಸಿ. ಪಿಪೆಟ್‌ಗೆ ರಬ್ಬರ್ ಬಲ್ಬ್ ಇರಲಿ, ಬಾಯಿಂದ ಎಳೆಯುವುದನ್ನು ಮೊದಲ ದಿನವೇ ಬಿಡಿಸಿ. ಖಾಲಿ ಮಾಡಿದ ಮೇಲೆ ತುದಿಯಲ್ಲಿ ಉಳಿಯುವ ಹನಿಯನ್ನು ಊದಬಾರದು, ಅದನ್ನು ಬಿಟ್ಟೇ ಅಳತೆಯ ಗುರುತು ಹಾಕಿರುತ್ತಾರೆ. ಬ್ಯುರೆಟ್‌ನ ಓದು ಮೇಲಿನಿಂದ ಕೆಳಕ್ಕೆ ಹೆಚ್ಚುತ್ತದೆ, ಅಳೆಯುವ ಜಾಡಿಗೆ ಉಲ್ಟಾ. ಬ್ಯುರೆಟ್‌ನಲ್ಲಿ 12.4 ಅನ್ನು 13.6 ಎಂದು ಓದಿಬಿಡುತ್ತಾರೆ. ಬಣ್ಣವಿಲ್ಲದ ದ್ರಾವಣದಲ್ಲಿ ತಗ್ಗಿದ ಮೇಲ್ಮೈಯ ಕೆಳಅಂಚನ್ನು ಓದಬೇಕು. ಪೊಟ್ಯಾಸಿಯಂ ಪರ್ಮಾಂಗನೇಟ್‌ನಂಥ ಗಾಢ ಬಣ್ಣದ್ದಾದರೆ ಮೇಲಂಚು. ಕಣ್ಣು ಅದೇ ಮಟ್ಟದಲ್ಲಿರಬೇಕು. ತೆರೆಯುವ ಮೊದಲು ಬ್ಯುರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇದೆಯೇ ನೋಡಬೇಕು. ಗುಳ್ಳೆ ನಡುವೆ ಹೊರಟುಹೋದರೆ ಆ ಜಾಗದಷ್ಟು ದ್ರಾವಣ ಲೆಕ್ಕಕ್ಕೆ ಸೇರಿ ಓದು ಹೆಚ್ಚು ಬರುತ್ತದೆ.

ವರ್ನಿಯರ್‌ನಲ್ಲಿ ಕನಿಷ್ಠ ಅಳತೆ 0.01 ಸೆಂಟಿಮೀಟರ್. ಮುಖ್ಯ ಮಾಪಕ 2.3, ಆರನೇ ಗೆರೆ ಕೂಡಿಕೊಂಡಿದ್ದರೆ 2.36. ದವಡೆ ಮುಚ್ಚಿದಾಗಲೇ +0.02 ತೋರಿಸುತ್ತಿದ್ದರೆ ಅದನ್ನು ಕಳೆದು 2.34. ಶೂನ್ಯ ದೋಷ ನೋಡದೆ ಅಳೆಯಲು ತೊಡಗುವುದೇ ಇಲ್ಲಿ ಸಾಮಾನ್ಯ ತಪ್ಪು.

ಹಳೇ ವಿದ್ಯಾರ್ಥಿ

ತುಂಬಾ ಧನ್ಯವಾದ. ಒಂಬತ್ತನೆಯ ಪುಸ್ತಕದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಇಂಗ್ಲಿಷ್ ಬಗ್ಗೆ ಯಾರೂ ಹೇಳಿಲ್ಲ. ಪಾರಿಭಾಷಿಕ ಪದಗಳ ಪಟ್ಟಿ ಮಾಡಿ ದಿನಕ್ಕೆ ಇಪ್ಪತ್ತರಂತೆ ಕಲಿಸಬೇಕೆಂದುಕೊಂಡಿದ್ದೇವೆ. ಸರಿಯೇ?

ಮಾಧ್ಯಮ ಬದಲಾವಣೆ

ಪಟ್ಟಿ ಬೇಡ. ವೇಗೋತ್ಕರ್ಷಕ್ಕೆ ‘ಆಕ್ಸಲರೇಷನ್’, ಉತ್ಕರ್ಷಣಕ್ಕೆ ‘ಆಕ್ಸಿಡೇಷನ್’ ಎನ್ನುವುದು ತಾನಾಗಿ ಬರುತ್ತದೆ. ಲೆಕ್ಚರರ್ ಅದೇ ಪದವನ್ನು ಒಂದು ಗಂಟೆಯಲ್ಲಿ ಮೂವತ್ತು ಸಲ ಹೇಳುತ್ತಾರೆ, ಬೋರ್ಡ್ ಮೇಲೂ ಬರೆಯುತ್ತಾರೆ. ಒಂದು ತಿಂಗಳಲ್ಲಿ ಅದು ಬಾಯಿಗೆ ಬಂದಿರುತ್ತದೆ. ಮಕ್ಕಳನ್ನು ಕೊನೆತನಕ ಕಾಡುವುದು ಯಾರೂ ಬಿಡಿಸಿ ಹೇಳದ ಸಣ್ಣ ಪದಗಳು: ಹೆನ್ಸ್, ವೇರ್‌ಆಸ್, ಸಚ್ ದಟ್, ಪ್ರೊವೈಡೆಡ್ ದಟ್, ರೆಸ್ಪೆಕ್ಟಿವ್ಲಿ, ಅಟ್ ಲೀಸ್ಟ್, ಅಟ್ ಮೋಸ್ಟ್. ‘ಅಟ್ ಲೀಸ್ಟ್ ಟೂ’ ಅಂದರೆ ಎರಡು ಅಥವಾ ಅದಕ್ಕಿಂತ ಹೆಚ್ಚು ಎಂಬುದು ಖಚಿತವಿಲ್ಲದಿದ್ದರೆ ಅಸಮಾನತೆ, ಸಂಭವನೀಯತೆ ಎರಡು ಪಾಠವೂ ಕೈಬಿಡುತ್ತವೆ, ಗಣಿತ ಎಷ್ಟೇ ಬರಲಿ.

ಭೌತಶಾಸ್ತ್ರದ ಲೆಕ್ಕಗಳಲ್ಲಿ ಸಂಖ್ಯೆಯನ್ನು ಪದದೊಳಗೆ ಅಡಗಿಸಿ ಕೊಡುತ್ತಾರೆ. ‘ಸ್ಟಾರ್ಟ್ಸ್ ಫ್ರಂ ರೆಸ್ಟ್’ ಅಂದರೆ ಆರಂಭದ ವೇಗ ಸೊನ್ನೆ. ‘ಡ್ರಾಪ್ಡ್’ ಅಂದರೂ ಅದೇ. ‘ಕಮ್ಸ್ ಟು ರೆಸ್ಟ್’ ಅಂದರೆ ಅಂತಿಮ ವೇಗ ಸೊನ್ನೆ. ‘ಯೂನಿಫಾರ್ಮ್ ವೆಲಾಸಿಟಿ’ ಅಂದರೆ ವೇಗೋತ್ಕರ್ಷ ಸೊನ್ನೆ. ‘ಸ್ಮೂತ್ ಸರ್ಫೇಸ್’ ಅಂದರೆ ಘರ್ಷಣೆ ಇಲ್ಲ. ಮಗು ‘ದತ್ತಾಂಶ ಸಾಕಾಗಲ್ಲ ಸರ್’ ಅಂದರೆ ಬಹುಮಟ್ಟಿಗೆ ಇಂಥದೊಂದು ಪದವನ್ನು ಓದದೆ ಹಾರಿದೆ ಎಂದೇ ಅರ್ಥ. ಇಂಥ ಮೂವತ್ತು-ನಲವತ್ತು ಪದಗುಚ್ಛಗಳನ್ನು ಲೆಕ್ಕದ ಜೊತೆಯಲ್ಲೇ ಕಲಿಸಿ, ಬೇರೆಯಾಗಿ ಅಲ್ಲ.

ಇನ್ನು ಓದುವುದು. ನಮ್ಮ ರಾಜ್ಯದ ಒಂಬತ್ತು-ಹತ್ತರ ಗಣಿತ, ವಿಜ್ಞಾನ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ಹೂರಣದವು. ಅಧ್ಯಾಯ, ಚಿತ್ರ, ಅಭ್ಯಾಸದ ಪ್ರಶ್ನೆ ಎಲ್ಲ ಹೊಂದಿಕೆಯಾಗುತ್ತವೆ. ಎರಡೂ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂಬತ್ತನೆಯ ‘ಚಲನೆ’ ಪಾಠವನ್ನು ಎರಡು ಭಾಷೆಯಲ್ಲೂ ಪ್ರಿಂಟ್ ತೆಗೆಯಿರಿ. ಕನ್ನಡದ ಒಂದು ಪ್ಯಾರಾ ಓದಿಸಿ, ಮುಚ್ಚಿಸಿ, ಅದೇ ಪ್ಯಾರಾವನ್ನು ಇಂಗ್ಲಿಷ್‌ನಲ್ಲಿ ಜೋರಾಗಿ ಓದಿಸಿ. ಅರ್ಥ ಮೊದಲೇ ಗೊತ್ತಿರುವುದರಿಂದ ವಾಕ್ಯದ ಜಾಡು ಸಿಗುತ್ತದೆ. ಪ್ರತಿ ಪದಕ್ಕೂ ನಿಘಂಟು ತೆಗೆಯಲು ಬಿಡಬೇಡಿ. ಅಭ್ಯಾಸದ ಪ್ರಶ್ನೆಗಳನ್ನು ಮಾತ್ರ ಇಂಗ್ಲಿಷ್‌ನಲ್ಲೇ ಮಾಡಿಸಿ.

ಬರೆಯುವುದಕ್ಕೆ ಪ್ರಶ್ನೆಯ ಕ್ರಿಯಾಪದ ಗುರುತಿಸಲು ಕಲಿಸಿ. ‘ಡಿಫೈನ್’ಗೆ ಒಂದು ವಾಕ್ಯ ಸಾಕು. ‘ಸ್ಟೇಟ್’ಗೆ ನಿಯಮದ ಹೇಳಿಕೆ ಸಾಕು, ವಿವರಣೆ ಬೇಡ. ‘ಡಿರೈವ್’ಗೆ ಚಿತ್ರ ಮತ್ತು ಹೆಜ್ಜೆ. ‘ಡಿಸ್ಟಿಂಗ್ವಿಶ್’ಗೆ ಎರಡು ಕಾಲಂ. ‘ಡಿಫೈನ್’ಗೆ ಅರ್ಧ ಪುಟ ಬರೆದು ‘ಡಿರೈವ್’ಗೆ ಬರೀ ಅಂತಿಮ ಸೂತ್ರ ಬರೆದು ಬರುವವರು ಬಹಳ. ಕ್ಲಾಸಿನ ನೋಟ್ಸ್‌ಗೆ ಭಾಷೆಯ ಕಟ್ಟುಪಾಡು ಬೇಡ. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದ ಹಾಕಿ ಬರೆದುಕೊಳ್ಳಲಿ, ವೇಗ ಉಳಿಯುತ್ತದೆ. ಸಂಜೆ ಅದರಲ್ಲಿ ಮೂರು ವಾಕ್ಯ ಮಾತ್ರ ಇಂಗ್ಲಿಷ್‌ಗೆ ತಿರುಗಿಸಲಿ. ಪೂರ್ತಿ ತಿರುಗಿಸಲು ಹೇಳಿದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ವಿಷಯವನ್ನು ಮಾತೃಭಾಷೆಯಲ್ಲಿ ಅರಗಿಸಿಕೊಂಡು ಬಂದಿರುವುದು ಈ ಮಕ್ಕಳ ಬಲ. ಅದನ್ನು ಅವರಿಗೆ ನೆನಪಿಸಿ. ನೀಟ್ ಮತ್ತು ಜೆಇಇ ಮೇನ್ ಎರಡನ್ನೂ ಕನ್ನಡದಲ್ಲೇ ಬರೆಯಲು ಅವಕಾಶವಿದೆ ಎಂಬುದೂ ಗೊತ್ತಿರಲಿ.

ವಾಣಿಜ್ಯ ವಿಭಾಗ

ಸೈನ್ಸ್ ಮಾತ್ರ ಕೇಳಿದ್ದೀರಿ, ಆದರೂ ಒಂದು ಮಾತು. ಆ ಗುಂಪಿನಲ್ಲಿ ಕಾಮರ್ಸ್‌ಗೆ ಹೋಗುವವರೂ ಇದ್ದರೆ ಅವರಿಗೆ ಸೇತುವೆ ಚಿಕ್ಕದು. ಅಕೌಂಟೆನ್ಸಿ ಎಲ್ಲರಿಗೂ ಸೊನ್ನೆಯಿಂದಲೇ ಶುರು. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಓದಿಯೇ ಬಂದಿರುತ್ತಾರೆ, ಕನ್ನಡದಲ್ಲಿ ಪಾಠ ನಡೆಯುವ ಸರ್ಕಾರಿ ಕಾಲೇಜುಗಳೂ ಇವೆ. ಶೇಕಡಾವಾರು, ಬಡ್ಡಿ, ಅನುಪಾತ ಗಟ್ಟಿ ಮಾಡಿಸಿ ಕಳಿಸಿ. ಪಾಲುದಾರಿಕೆಯ ಲೆಕ್ಕ ನಿಲ್ಲುವುದೇ ಅನುಪಾತದ ಮೇಲೆ.

ದಾಖಲೆ ವಿಚಾರ

ಪಾಠದ ಜೊತೆ ಈ ಕೆಲಸವನ್ನೂ ರಜೆಯಲ್ಲೇ ಮುಗಿಸಿ. ಸಿಇಟಿ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ 15 ಮೀಸಲು ಇದೆ. ಎರಡಕ್ಕೂ ಹತ್ತೂ ವರ್ಷದ ವ್ಯಾಸಂಗದ ಲೆಕ್ಕ ಬೇಕು. ಒಂದು ವರ್ಷ ಮಾತ್ರ ಪಟ್ಟಣದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೂ ಸಿಗುವುದಿಲ್ಲ. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆಯ ಮುಖ್ಯ ಶಿಕ್ಷಕರಿಂದ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಬೇಕು. ಟಿಸಿ ತೆಗೆದುಕೊಳ್ಳುವ ದಿನವೇ ಇದಕ್ಕೂ ಅರ್ಜಿ ಕೊಟ್ಟರೆ ಒಂದೇ ಓಡಾಟ. ಎರಡು ವರ್ಷ ಬಿಟ್ಟು ಸಿಇಟಿ ಹೊತ್ತಿಗೆ ಹೋದರೆ ಎಲ್ಲರೂ ಒಟ್ಟಿಗೆ ಬಂದು ಬಿಇಒ ಕಚೇರಿಯಲ್ಲಿ ಸಾಲು ಇರುತ್ತದೆ. ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ) ದಾಖಲೆಯಲ್ಲಿ ಹೆಸರಿನ ಅಕ್ಷರ, ಹುಟ್ಟಿದ ದಿನ, ಮಾಧ್ಯಮ ಸರಿಯಾಗಿದೆಯೇ ಎಂದೂ ಶಾಲೆಯಲ್ಲೇ ನೋಡಿಸಿ. ತಿದ್ದುಪಡಿ ಇದ್ದರೆ ಈಗಲೇ ಸುಲಭ.

ಹಳೇ ವಿದ್ಯಾರ್ಥಿ

ಎಲ್ಲ ಓದಿಕೊಂಡು ಹೀಗೆ ಹಾಕಿದ್ದೇವೆ: ಗಣಿತ 26 ಗಂಟೆ (ದಿನದ 20 ನಿಮಿಷ ಸೇರಿ), ಭೌತಶಾಸ್ತ್ರ 14, ರಸಾಯನಶಾಸ್ತ್ರ 10, ಎರಡು ಭಾಷೆಯ ಓದು 6, ಲ್ಯಾಬ್ 4. ಜೀವಶಾಸ್ತ್ರಕ್ಕೆ ಏನೂ ಉಳಿಯಲಿಲ್ಲ. ಇದರಲ್ಲಿ ಬದಲಿಸಬೇಕಾದ್ದು ಇದೆಯೇ?

ಪಿಯು ಭೌತಶಾಸ್ತ್ರ ಲೆಕ್ಚರರ್

ಜೀವಶಾಸ್ತ್ರ ಬಿಟ್ಟದ್ದು ಸರಿ, ಅದು ಓದಿದರೆ ಬರುವಂಥದ್ದು. ಎರಡು ಭಾಷೆಯ ಓದಿಗೆ ಜೀವಶಾಸ್ತ್ರದ ‘ಜೀವಕ್ರಿಯೆಗಳು’ ಪಾಠವನ್ನೂ ಸೇರಿಸಿಕೊಳ್ಳಿ, ಹತ್ತರಲ್ಲಿ ಓದಿರುವ ಅದು ಫಸ್ಟ್ ಪಿಯುನಲ್ಲೇ ಮುಂದುವರಿಯುತ್ತದೆ. ಆಗ ಎರಡೂ ಕೆಲಸ ಆಗುತ್ತದೆ.

ಬದಲಿಸಬೇಕಾದ್ದು ಒಂದೇ. ಮೊದಲ ದಿನ ಪಾಠ ಬೇಡ, 40 ನಿಮಿಷದ ಒಂದು ಪ್ರಶ್ನೆಪತ್ರಿಕೆ ಕೊಡಿ. ಭಿನ್ನರಾಶಿ ಎರಡು, ಋಣ ಚಿಹ್ನೆಯ ಆವರಣ ಎರಡು, ಸೂತ್ರ ತಿರುಗಿಸುವುದು ಎರಡು, ದೂರ-ಕಾಲ ಗ್ರಾಫ್ ಒಂದು, ಲಂಬಕೋನ ತ್ರಿಭುಜ ಒಂದು, 10ರ ಘಾತ ಒಂದು, ಇಂಗ್ಲಿಷ್‌ನಲ್ಲಿ ಕೊಟ್ಟ ಸುಲಭ ಲೆಕ್ಕ ಒಂದು. ಹತ್ತನೆಯದು ತಪ್ಪಾಗಿ ಉಳಿದದ್ದು ಸರಿಯಿದ್ದರೆ ಆ ಮಗುವಿಗೆ ಬೇಕಾದದ್ದು ಓದಿನ ಆರು ಗಂಟೆ. ಮೊದಲ ಆರು ತಪ್ಪಾಗಿದ್ದರೆ ಅವರನ್ನು ಡಿಫರೆನ್ಸಿಯೇಷನ್‌ಗೆ ಎಳೆಯಬೇಡಿ, ಮೂರು ವಾರ ಗಣಿತ ಶಿಕ್ಷಕಿಯವರು ಹೇಳಿದ ಲೆಕ್ಕಗಳಲ್ಲೇ ಇರಲಿ. ಅಂಕ ಹಾಕಬೇಡಿ, ಯಾವ ಪ್ರಶ್ನೆ ಸರಿ, ಯಾವುದು ತಪ್ಪು ಎಂಬ ಒಂದು ಕೋಷ್ಟಕ ಮಾತ್ರ ನಿಮ್ಮ ಬಳಿ ಇರಲಿ. ಅದೇ ಹತ್ತು ಪ್ರಶ್ನೆಗಳನ್ನು ಸಂಖ್ಯೆ ಬದಲಿಸಿ ಮೂರನೇ ವಾರದ ಕೊನೆಗೆ ಇನ್ನೊಮ್ಮೆ ಕೊಡಿ. ಉಳಿದ ಮೂರು ವಾರ ಯಾವುದಕ್ಕೆ ಎಷ್ಟು ಗಂಟೆ ಎಂಬುದನ್ನು ಆಗ ನಿರ್ಧರಿಸಿ.